ಅಟ್ಟದ ಕೆಳಗೆ ಅಳೆದ ಬೆಳಕು

ಅತ್ತೆ ಅಟ್ಟದಿಂದ ಒಂದು ತೆಂಗಿನಕಾಯಿ ಇಳಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆಂದರೆ ನನ್ನ ಎದೆ ಡವಡವ ಅನ್ನುತ್ತಿತ್ತು. ಒಳಗೆ ನೀರು ಕುಲುಕಿದ ಸದ್ದು ಬಂದರೆ ಇನ್ನೂ ಸಮಯ ಇದೆ ಎಂದು ಅರ್ಥ. ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆಯಾಗಿ ಉರುಳಾಡಿ ಲೊಟಲೊಟ ಅಂದರೆ ಕೊಬ್ಬರಿ ಆಯಿತು ಎಂದು. ನಮ್ಮ ಕಡೆ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹೀಗೆ ಆಗೊಮ್ಮೆ ಈಗೊಮ್ಮೆ ಒಂದು ಕಾಯಿ ನೋಡುವುದು ಬಿಟ್ಟರೆ, ಆ ವರ್ಷವಿಡೀ ಅಟ್ಟದ ತಂಟೆಗೆ ಯಾರೂ ಹೋಗುವುದಿಲ್ಲ. ನನಗೆ ಸಿಕ್ಕಿದ್ದೂ ಆ ಒಂದು ವರ್ಷವೇ.

ಎಂಬತ್ತರ ದಶಕದ ನಡುವಿನ ಮಾತು. ತಿಪಟೂರಿನ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅಧ್ಯಾಪಕಿ. ಮನೆ ತುರುವೇಕೆರೆ ದಾರಿಯ ಹಳ್ಳಿಯಲ್ಲಿ. ಮನೆಯಲ್ಲಿ ನಾವು ಮೂವರು: ತೋಟ ನೋಡಿಕೊಳ್ಳುವ ಅತ್ತೆ, ತುರುವೇಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮತ್ತು ಸದಾ ಏನೋ ಕೆಟ್ಟದ್ದಾಗುತ್ತದೆ ಎಂದು ಕಾಯುತ್ತಿದ್ದ ನಾನು. ಬಸ್ಸು ಐದು ನಿಮಿಷ ತಡವಾದರೆ ಅದು ಎಲ್ಲೋ ಕೆರೆಗೆ ಬಿದ್ದಿದೆ ಎಂದುಕೊಳ್ಳುವ ಜಾತಿ ನನ್ನದು. ಅಂಥವಳು ಹೋಗಿ ಹೋಗಿ ಜಗತ್ತಿನಲ್ಲೇ ಅತಿ ಸಣ್ಣ ಅಲುಗಾಟವನ್ನು ಅಳೆಯುವ ಕೆಲಸಕ್ಕೆ ಕೈ ಹಾಕಿದ್ದೆ.

ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬಹು ದೂರದಲ್ಲಿ ಎರಡು ಭಾರೀ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಜಾಗವೇ ಒಂದಿಷ್ಟು ಹಿಗ್ಗಿ ಕುಗ್ಗುತ್ತದಂತೆ. ಅದಕ್ಕೆ ಗುರುತ್ವದ ಅಲೆ ಎನ್ನುತ್ತಾರೆ. ಅದನ್ನು ಹಿಡಿಯಲು ಲೇಸರ್ ಬೆಳಕನ್ನು ಎರಡು ಪಾಲು ಮಾಡಿ, ಒಂದಕ್ಕೊಂದು ಅಡ್ಡವಾಗಿ ಎರಡು ದಾರಿಯಲ್ಲಿ ಕಳಿಸಿ, ಕನ್ನಡಿಗೆ ತಾಗಿಸಿ ಮತ್ತೆ ಒಂದು ಕಡೆ ಕೂಡಿಸಬೇಕು. ಒಂದು ದಾರಿ ಕೂದಲೆಳೆಯ ಕೋಟಿಯಲ್ಲಿ ಒಂದು ಪಾಲು ಉದ್ದವಾದರೂ ಕೂಡಿದ ಬೆಳಕು ಏರುಪೇರಾಗುತ್ತದೆ. ತೊಂದರೆ ಏನೆಂದರೆ, ಬೆಳಕು ಹೊಳೆಯ ನೀರಿನ ಹಾಗೆ ಒಂದೇ ಸಮನೆ ಬರುವುದಿಲ್ಲ, ಕಾಳು ಕಾಳಾಗಿ ಬರುತ್ತದೆ. ಮೊರದಿಂದ ರಾಗಿ ಸುರಿದಾಗ ಒಂದು ಕ್ಷಣ ಜಾಸ್ತಿ, ಒಂದು ಕ್ಷಣ ಕಮ್ಮಿ ಬೀಳುವ ಹಾಗೆ. ಆ ಏರುಪೇರೇ ಕ್ವಾಂಟಂ ಗದ್ದಲ. ಮಿಕ್ಕ ಗದ್ದಲವನ್ನೆಲ್ಲ ಹೊರಗೆ ಹಾಕಬಹುದು. ಇದು ಮಾತ್ರ ತಳದಲ್ಲಿ ಉಳಿದೇ ಉಳಿಯುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಅದರ ಕೆಳಗೂ ಇಳಿಯಬಹುದು ಎಂದು ಹೊರದೇಶದ ಕೆಲವರು ಹೇಳತೊಡಗಿದ್ದರು.

ಬೆಂಗಳೂರಿನ ನನ್ನ ಪಿಎಚ್.ಡಿ. ಮಾರ್ಗದರ್ಶಕರು ನನಗೆ ಕೊಟ್ಟಿದ್ದು ಚಿಕ್ಕ ಕೆಲಸ. ಮೇಜಿನಷ್ಟು ದೊಡ್ಡ ಯಂತ್ರ ಕಟ್ಟಿ, ಬೇರೆಲ್ಲ ಗದ್ದಲ ಕಳೆದು, ಆ ತಳವನ್ನು ಮುಟ್ಟಿ ತೋರಿಸಬೇಕು. ತಮ್ಮ ಪ್ರಯೋಗಾಲಯದಲ್ಲಿ ಮೂಲೆ ಸೇರಿದ್ದ ಹಳೆಯ ಲೇಸರ್ ಕೊಳವೆಯೊಂದನ್ನು ತಮ್ಮ ಜವಾಬ್ದಾರಿಯ ಮೇಲೆ ನನಗೆ ಕೊಟ್ಟಿದ್ದರು. ಅದನ್ನು ಕಾಲೇಜಿನಲ್ಲಿ ಇಟ್ಟು ನೋಡಿದೆ. ರೈಲು ಹೋದಾಗಲೆಲ್ಲ ಕೂಡಿದ ಬೆಳಕಿನ ಪಟ್ಟೆಗಳು ಕುಣಿದಾಡಿದವು. ರೈಲು ಇಲ್ಲದಾಗ ಮಾರುಕಟ್ಟೆಗೆ ಹೋಗುವ ಲಾರಿಗಳು. ಮೂರು ತಿಂಗಳು ತಲೆ ಚಚ್ಚಿಕೊಂಡು, ಒಂದು ಸಂಜೆ ಮನೆಯಲ್ಲಿ ಅತ್ತುಬಿಟ್ಟೆ.

ಆಗ ಅತ್ತೆ ಕೇಳಿದರು, "ನಿನ್ನ ಮಿಸನ್ನಿಗೆ ಎಂತಾ ಜಾಗ ಬೇಕವ್ವ?"

"ಯಾರೂ ಓಡಾಡದ, ಏನೂ ಅಲ್ಲಾಡದ ಜಾಗ ಬೇಕು ಅತ್ತೆ."

"ಅಟ್ಟದ ಮನೆ ಐತಲ್ಲ. ಕಾಯಿ ಒಣಗೋವರ್ಗೂ ಅಲ್ಲಿ ಇಲೀನೂ ಗಲಾಟೆ ಮಾಡಾಕಿಲ್ಲ. ಇಟ್ಕೋ ಬುಡು."

ಅಟ್ಟದ ಮನೆ ಎಂದರೆ ಮನೆಯ ಹಿಂದೆ ಕಲ್ಲಿನ ತಳಪಾಯದ, ಹೆಂಚಿನ ಸೂರಿನ ಒಂದೇ ದೊಡ್ಡ ಕೋಣೆ. ತಲೆಯ ಮೇಲೆ ಬಿದಿರಿನ ಅಟ್ಟ, ಅದರ ತುಂಬ ಸಿಪ್ಪೆಸಮೇತ ಕಾಯಿ. ಅವುಗಳನ್ನು ಅಟ್ಟಕ್ಕೆ ಹಾಕಿ ಆಗಿನ್ನೂ ಸ್ವಲ್ಪವೇ ದಿನ ಆಗಿತ್ತು. ಆದರೆ ನನ್ನ ಗಂಡ ಆ ಕೋಣೆಯನ್ನು, ಮುಂದಿನ ಸಂಕ್ರಾಂತಿಗೆ ಅಟ್ಟ ಖಾಲಿಯಾದ ಮೇಲೆ, ಕೊಬ್ಬರಿ ವ್ಯಾಪಾರಿಯೊಬ್ಬನಿಗೆ ಗೋಡೌನಿಗೆ ಬಿಡುವುದಾಗಿ ಮಾತು ಕೊಟ್ಟಾಗಿತ್ತು. "ಅಲ್ಲೀತನಕ ನಿಂದೇ. ಅಷ್ಟರೊಳಗೆ ಮುಗಿಸ್ಕೊ," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಆಡಿದ ಮಾತು ತಪ್ಪುವವರೂ ಅಲ್ಲ, ಅದೇ ನನ್ನ ಕಷ್ಟ. ಮುಗಿಯದಿದ್ದರೆ ಕೊಳವೆಯನ್ನು ಬೆಂಗಳೂರಿಗೆ ಹಿಂದಿರುಗಿಸಬೇಕು. ಅಲ್ಲಿಗೆ ನನ್ನ ಪಿಎಚ್.ಡಿ. ಕಥೆ ಮುಗಿದ ಹಾಗೆ.

ನಾಲ್ಕು ಆಳು ಸೇರಿ ಒಂದು ದಪ್ಪ ಚಪ್ಪಡಿ ಕಲ್ಲು ತಂದು, ತೆಂಗಿನ ನಾರು ತುಂಬಿದ ಗೋಣಿಚೀಲಗಳ ಮೇಲೆ ಕೂರಿಸಿದರು. ನಾರನ್ನು ಒತ್ತಿ ಒತ್ತಿ ತುಂಬಿದ್ದು ಅತ್ತೆ. ಆ ನಾರಿನಷ್ಟು ಚೆನ್ನಾಗಿ ನೆಲದ ಅದುರು ನುಂಗಿದ ವಸ್ತುವನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ಕಲ್ಲಿನ ಮೇಲೆ ಲೇಸರ್, ಬೆಳಕನ್ನು ಸೀಳುವ ಗಾಜು, ಎರಡು ಕನ್ನಡಿ. ಕೊನೆಗೆ ಒಂದು ಮಸೂರ, ಅದರ ಹಿಂದೆ ಬೆಳಕನ್ನು ವಿದ್ಯುತ್ತಾಗಿ ಮಾಡುವ ಕಣ್ಣು. ಎಲ್ಲವನ್ನೂ ಕಬ್ಬಿಣದ ಹಿಡಿಕೆಗಳಲ್ಲಿ ತಿರುಪು ಬಿಗಿದು ನಿಲ್ಲಿಸಿದ್ದೆ. ಕಣ್ಣಿನಿಂದ ಬಂದ ಗದ್ದಲವನ್ನು ಒಂದು ಮುಳ್ಳು ತೋರಿಸುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಅದೇ ಗದ್ದಲ ಸುಯ್ ಎಂದು ಕೇಳುತ್ತಿತ್ತು.

ಒಂದು ಸಲ ಅತ್ತೆಗೂ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು.

"ದೂರದಾಗೆ ಮಳೆ ಉಯ್ದಂಗೈತೆ ಕಣವ್ವ. ಇದು ನಿಂತ್ರೆ ನಿನ್ನ ಕೆಲ್ಸ ಆದಂಗಾ?"

"ನಿಲ್ಲೋದಿಲ್ಲ ಅತ್ತೆ. ಕಡಿಮೆ ಆಗಬೇಕು ಅಷ್ಟೆ. ಆದ್ರೆ ದಮ್ಮಯ್ಯ, ಇಲ್ಲಿ ಏನನ್ನೂ ಮುಟ್ಟಬೇಡಿ. ಕಸಾನೂ ಗುಡಿಸಬೇಡಿ."

ಸ್ವಂತ ಕೋಣೆಯಲ್ಲಿ ಕಸ ಗುಡಿಸಬೇಡಿ ಎಂದು ಸೊಸೆಯಿಂದ ಹೇಳಿಸಿಕೊಂಡರೂ ಅವರು ತಲೆಯಾಡಿಸಿದರು. ಅವತ್ತಿನಿಂದ ಕಾಯಿ ನೋಡಲು ಬಂದರೂ ಏಣಿಯನ್ನು ಹೊರಗಿನ ಕಿಂಡಿಗೆ ಇಟ್ಟು ಹತ್ತುತ್ತಿದ್ದರು.

ಬೆಳಗ್ಗೆ ಪಂಪ್‌ಸೆಟ್ಟುಗಳು ಶುರುವಾಗುವ ಮೊದಲು ಗದ್ದಲ ಅಳೆಯುತ್ತಿದ್ದೆ. ಆಮೇಲೆ ಅನ್ನ ಕಟ್ಟಿಕೊಂಡು ಕಾಲೇಜಿಗೆ ಓಟ. ಗೋಡೆಗೆ ಒಂದು ಗ್ರಾಫ್ ಹಾಳೆ ಅಂಟಿಸಿ ಅದರಲ್ಲಿ ದಿನಕ್ಕೊಂದು ಚುಕ್ಕೆ ಇಡುತ್ತಿದ್ದೆ. ಹಾಳೆಯಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ ಇತ್ತು. ಅದೇ ತಳ. ಕಣ್ಣಿಗೆ ಎಷ್ಟು ಬೆಳಕು ಬೀಳುತ್ತಿದೆ ಎಂದು ಗೊತ್ತಾದರೆ ಕಾಳುಗಳ ಗದ್ದಲ ಎಷ್ಟಿರಬೇಕು ಎಂದು ಲೆಕ್ಕ ಹಾಕಬಹುದು. ಬೆಳಕು ಅಳೆಯುವ ಒಳ್ಳೆಯ ಮೀಟರ್ ಮಾತ್ರ ಕಾಲೇಜಿನದು. ಶನಿವಾರ ಮಧ್ಯಾಹ್ನ ಮನೆಗೆ ತಂದು ಸೋಮವಾರ ಹಿಂದಿರುಗಿಸಬೇಕು. ಹಾಗಾಗಿ ಬೆಳಕು ಅಳೆದದ್ದು ಶನಿವಾರ ಮಧ್ಯಾಹ್ನ, ಗದ್ದಲ ಅಳೆದದ್ದು ದಿನಾ ಬೆಳಗ್ಗೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಚುಕ್ಕೆಗಳು ಮೊದಮೊದಲು ಗೆರೆಗಿಂತ ಎಷ್ಟೋ ಮೇಲಿದ್ದವು. ಚೀಲಗಳಿಗೆ ಇನ್ನಷ್ಟು ನಾರು ಸೇರಿಸಿದೆವು, ಇಳಿದವು. ಮನೆಯ ಕರೆಂಟು ಬಿಟ್ಟು ಬ್ಯಾಟರಿಗೆ ಬದಲಾಯಿಸಿದೆ, ಇನ್ನಷ್ಟು ಇಳಿದವು. ದಸರಾ ಕಳೆದು ದೀಪಾವಳಿ ಬರುವ ಹೊತ್ತಿಗೆ ಗೆರೆಯ ಹತ್ತಿರ ಬಂದು ಅಲ್ಲೇ ಕೂತವು. ಅಟ್ಟದಿಂದ ಇಳಿಸಿದ ಕಾಯಿ ಆಗಲೇ ಅರ್ಧ ನೀರು, ಅರ್ಧ ಉಂಡೆಯ ಸದ್ದು ಮಾಡುತ್ತಿತ್ತು. ಹೆದರಿಕೆಗೆ ನನಗೆ ಊಟ ಸೇರದಾಯಿತು. ಡಿಸೆಂಬರಿನ ಮೊದಲ ವಾರ, ಲೇಸರಿನ ಏರುಪೇರನ್ನು ಹಿಡಿದು ಅದಕ್ಕೇ ಮರಳಿಸಿ ತಿದ್ದುವ ಒಂದು ಪುಟ್ಟ ಸರ್ಕ್ಯೂಟ್ ಕಟ್ಟಿ ಜೋಡಿಸಿದೆ. ಎರಡು ದಿನ ಕಳೆದು ಮೂರನೆಯ ಬೆಳಗ್ಗೆ ಚುಕ್ಕೆ ಕೆಂಪು ಗೆರೆಯ ಕೆಳಗೆ ಬಿತ್ತು.

ಮಾರನೆಯ ದಿನವೂ ಕೆಳಗೆ. ಅದರ ಮಾರನೆಯ ದಿನವೂ.

ತಳಕ್ಕಿಂತ ಕೆಳಗೆ! ಯಾರೂ ಸುಲಭವಾಗಿ ಇಳಿಯಲಾರದ ಜಾಗಕ್ಕೆ ನಾನು ತೆಂಗಿನ ನಾರಿನ ಮೇಲೆ ಕೂತು ಇಳಿದಿದ್ದೆ. ಅಂದೇ ಮಾರ್ಗದರ್ಶಕರಿಗೆ ಪತ್ರ ಬರೆದು, ಗ್ರಾಫಿನ ನಕಲು ಸೇರಿಸಿ, ತಿಪಟೂರಿನಲ್ಲಿ ಅಂಚೆಗೆ ಹಾಕಿದೆ.

ಈಗ ನಾಚಿಕೆ ಬಿಟ್ಟು ಹೇಳಬೇಕಾದ ಮಾತು ಇದೆ. ಆ ವಾರ ಶನಿವಾರ ಮೀಟರ್ ಮನೆಗೆ ಬಂತು. ಭಾನುವಾರ ಬೆಳಗ್ಗೆ ಅದು ಅಟ್ಟದ ಮನೆಯ ಮೂಲೆಯಲ್ಲೇ ಇತ್ತು. ಗದ್ದಲ ಅಳೆಯುವ ಹೊತ್ತಿಗೇ ಬೆಳಕನ್ನೂ ಒಮ್ಮೆ ಅಳೆದುಬಿಡೋಣ ಎಂದು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡೆ. ನಿನ್ನೆ ಮಧ್ಯಾಹ್ನ ಅಳೆದಿದ್ದೇನಲ್ಲ, ಬೆಳಕು ಎಲ್ಲಿಗೆ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಭಯವಾಗಿತ್ತು. ಕೈಗೆ ಸಿಕ್ಕ ಸಂತೋಷವನ್ನು ತಿರುಗಿಸಿ ನೋಡುವ ಧೈರ್ಯ ಇರಲಿಲ್ಲ. ಅದರ ಮುಂದಿನ ಭಾನುವಾರವೂ ಮೀಟರಿನ ಮೇಲೆ ಟವೆಲ್ ಹೊದಿಸಿ ಕೆಲಸ ಮಾಡಿದೆ.

ಮಾರ್ಗದರ್ಶಕರ ಉತ್ತರ ಹೊಸ ವರ್ಷದ ಹೊತ್ತಿಗೆ ಬಂತು. "ಇದು ನಿಜವಾದರೆ ಬಹಳ ದೊಡ್ಡದು. ನಿಜವೇ ಎಂದು ನಾನೇ ಬಂದು ನೋಡುತ್ತೇನೆ. ಭಾನುವಾರ ಮೊದಲ ಬಸ್ಸಿಗೆ ನಿಮ್ಮೂರಿನಲ್ಲಿರುತ್ತೇನೆ." ಸಂಕ್ರಾಂತಿಗೆ ಇನ್ನು ಸ್ವಲ್ಪವೇ ದಿನ. ಅತ್ತೆ ಇಳಿಸಿದ ಕಾಯಿ ಲೊಟಲೊಟ ಅಂದಿತು. ಗಂಡ ಪತ್ರ ಓದಿ, "ನೋಡು, ಸರಿಯಾದ ಟೈಮಿಗೆ ಮುಗೀತು," ಎಂದು ಖುಷಿಪಟ್ಟರು. ಅತ್ತೆ ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದರು. ನನಗೆ ಮಾತ್ರ ರಾತ್ರಿ ಕಣ್ಣು ಮುಚ್ಚಿದರೆ ಕೆಂಪು ಗೆರೆ ಕಾಣುತ್ತಿತ್ತು.

ಗುರುವಾರ ಬೆಳಗ್ಗೆ ಆ ವರ್ಷದ ಕೆಟ್ಟ ಚಳಿ. ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಅಡುಗೆಮನೆಗೆ ಹೋದೆ. ಅತ್ತೆ ಎಣ್ಣೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟುಕೊಂಡು ಕೂತಿದ್ದರು.

"ತಡಿ, ಕರಗ್ಲಿ. ಸುಣ್ಣದಂಗೆ ಗಟ್ಟಿಯಾಗೈತೆ. ವತ್ತಾರೆ ಬಾಟ್ಲಿಯಿಂದ ಇಳಿಯಾಕಿಲ್ಲ, ಮಧ್ಯಾನ ನೀರಿನಂಗೆ ಆಗ್ತದೆ. ಈ ಚಳಿ ಬಂದಾಗಿಂದ ದಿನಾ ಇದೇ ಪಾಡು."

ಬೆಳಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ. ಈ ಚಳಿ ಬಂದಾಗಿನಿಂದ. ನಾನು ನಿಂತಲ್ಲೇ ನಿಂತೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ನನ್ನ ಕಾಲು ತಾನಾಗಿ ಅಟ್ಟದ ಮನೆಗೆ ಓಡಿತು. ಟಾರ್ಚ್ ಹಿಡಿದು ಕೊನೆಯ ಮಸೂರವನ್ನು ನೋಡಿದೆ. ಗಾಜಿನ ಮೇಲೆ ಬೆಳ್ಳಗೆ ತೆಳುವಾದ ಪೊರೆ. ಬೆರಳು ಒತ್ತಿದೆ, ಬೆರಳ ಬಿಸಿಗೆ ಕರಗಿ ತಿಳಿಯಾಯಿತು. ಮೂಸಿ ನೋಡಿದೆ. ನೋಡುವುದೇನು ಬಂತು, ನನ್ನ ತಲೆಯದೇ ವಾಸನೆ.

ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. ಹೊಸಿಲು ದಾಟಿರಲಿಲ್ಲ.

"ಇದಕ್ಕೆ ಎಣ್ಣೆ ಹಚ್ಚಿದ್ಯಾರು?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಆಯುಧಪೂಜೆ ದಿನ ಕಣವ್ವ," ಎಂದರು ಮೆಲ್ಲಗೆ. "ನೀನು ಬೆಂಗ್ಳೂರಿಗೆ ಹೋಗಿದ್ದೆ. ಕುಡ್ಲು, ಮಚ್ಚು, ಕಾಯಿ ಸುಲಿಯೋ ಗೂಟ, ಎಲ್ಲಾಕೂ ಎಣ್ಣೆ ಸವರಿ ಕುಂಕುಮ ಇಕ್ಕಿ ಪೂಜೆ ಮಾಡ್ದೆ. ನಿನ್ನ ಮಿಸನ್ನು ಒಂದ್ನೇ ಎಂಗವ್ವ ಬುಡೋದು? ಅದೂ ಕಬ್ಬಿಣ ತಾನೆ. ತಿರುಪು ತುಕ್ಕಿಡಿದಾವು ಅಂತ ಕೋಳಿ ಗರಿಯಾಗೆ ಒಂಚೂರು ಮುಟ್ಟಿಸ್ದೆ. ನೀನು ಬೈತೀಯ ಅಂತ ಕುಂಕುಮ ಒರೆಸಿಬುಟ್ಟೆ."

ಕುಂಕುಮ ಒರೆಸಿದ್ದರು. ಎಣ್ಣೆ ತಿರುಪಿನಿಂದ ಜಿನುಗಿ ಗಾಜಿಗೆ ಇಳಿದಿತ್ತು. ಬಿಸಿಲ ದಿನಗಳಲ್ಲಿ ನೀರಿನಷ್ಟು ತಿಳಿಯಾಗಿದ್ದು ಕಣ್ಣಿಗೇ ಬಿದ್ದಿರಲಿಲ್ಲ. ಚಳಿ ಬಂದ ಮೇಲೆ ಬೆಳಗಿನ ಹೊತ್ತು ಹೆಪ್ಪುಗಟ್ಟಿ ಬೆಳಕಿಗೆ ಅಡ್ಡ ನಿಂತಿತ್ತು. ಬೆಳಕು ಕಡಿಮೆಯಾದರೆ ಕಾಳಿನ ಗದ್ದಲವೂ ಕಡಿಮೆಯಾಗುತ್ತದೆ. ಕೆಂಪು ಗೆರೆ ಮಾತ್ರ ಮಧ್ಯಾಹ್ನದ ಪೂರ್ತಿ ಬೆಳಕಿನ ಲೆಕ್ಕದ್ದು. ಸಾಧನೆ ಅಂತ ನಾನು ಕುಣಿದಾಡಿದ್ದು ಇಷ್ಟಕ್ಕೆ.

ನಾನು ಬೈದೆ. ಏನೇನು ಬೈದೆನೋ ಎಲ್ಲ ನೆನಪಿಲ್ಲ. "ನನ್ನ ಒಂದು ವರ್ಷದ ಕೆಲಸ ನೀರಿಗೆ ಹಾಕಿದ್ರಿ, ನಿಮಗೆ ಒಂದು ಮಾತು ಹೇಳಿದ್ರೆ ತಿಳಿಯೋದಿಲ್ವಾ?" ಎಂದಿದ್ದು ಮಾತ್ರ ಚೆನ್ನಾಗಿ ನೆನಪಿದೆ, ಮರೆಯಲೂ ಆಗಿಲ್ಲ. ಎಣ್ಣೆ ಬಾಟಲಿ ಅವರ ಕೈಯಲ್ಲೇ ಇತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತೋಟದ ಕಡೆ ಹೋದರು. ರಾತ್ರಿ ಊಟಕ್ಕೂ ಬರಲಿಲ್ಲ.

ನಾನು ಅಂದು ಕಾಲೇಜಿಗೆ ಹೋಗಿ ಮೀಟರ್ ಬೇಡಿ ತಂದೆ. ಶುಕ್ರವಾರ ಬೆಳಗ್ಗೆ ಎಣ್ಣೆ ಹೆಪ್ಪುಗಟ್ಟಿರುವಾಗಲೇ ಬೆಳಕು ಅಳೆದೆ. ಮಧ್ಯಾಹ್ನದ ಅರ್ಧದಷ್ಟಿತ್ತು. ಆಮೇಲೆ ಸ್ಪಿರಿಟ್ಟಿನಿಂದ ಮಸೂರ ಒರೆಸಿದೆ. ಬೆಳಕು ಪೂರ್ತಿಯಾಯಿತು, ಗದ್ದಲದ ಮುಳ್ಳು ಮೇಲೆದ್ದಿತು, ಹಾಳೆಯಲ್ಲಿ ಚುಕ್ಕೆ ನೇರವಾಗಿ ಕೆಂಪು ಗೆರೆಯ ಮೇಲೆ ಬಂದು ಕೂತಿತು. ಈ ಒಂದು ಅಳತೆಯನ್ನು ಒಂದು ತಿಂಗಳ ಹಿಂದೆಯೇ ಮಾಡಬಹುದಿತ್ತು. ಮೀಟರ್ ಮೂಲೆಯಲ್ಲಿತ್ತು. ಅದರ ಮೇಲೆ ಟವೆಲ್ ಹೊದಿಸಿದ್ದು ಅತ್ತೆ ಅಲ್ಲ. ಕಲ್ಲಿನ ಪಕ್ಕ ಕೂತು ಇದನ್ನು ಯೋಚಿಸುವಾಗ ನನಗೆ ನನ್ನ ಮೇಲೆ ಅಸಹ್ಯ ಬಂತು.

ಇನ್ನೂ ಒಂದು ಅಸಹ್ಯ ಬಾಕಿ ಇತ್ತು. ಶನಿವಾರವಿಡೀ ಒಂದೇ ಯೋಚನೆ. ಮತ್ತೆ ಒಂದು ತೊಟ್ಟು ಎಣ್ಣೆ ಸಾಕು. ನಾಳೆ ಬೆಳಗ್ಗೆಯೂ ಚಳಿ ಇರುತ್ತದೆ. ಅವರು ಬರುತ್ತಾರೆ, ಚುಕ್ಕೆ ಕೆಳಗೆ ಬೀಳುತ್ತದೆ, ನೋಡಿ ಹೋಗುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಕೋಣೆ ಖಾಲಿ ಮಾಡಿದರೂ ನನ್ನ ಕೆಲಸ ಮುಗಿದಿರುತ್ತದೆ. ಆಮೇಲೆ ಯಾರಿಗೂ ಅದೇ ಅಳತೆ ಸಿಗದಿದ್ದರೆ ಚಳಿ ಕಾರಣ, ರೈಲು ಕಾರಣ, ಏನಾದರೂ ಹೇಳಬಹುದು. ಸಂಜೆ ಅಡುಗೆಮನೆಗೆ ಹೋಗಿ ಬಾಟಲಿ ಇರುವ ಗೂಡಿಗೆ ಕೈ ಹಾಕಿದೆ. ಬಾಟಲಿ ಅಲ್ಲಿರಲಿಲ್ಲ. ಅತ್ತೆ ಅದನ್ನು ಎಲ್ಲೋ ಒಳಗೆ ಬಚ್ಚಿಟ್ಟಿದ್ದರು. ಎರಡು ದಿನದಿಂದ ತಮ್ಮ ತಲೆಗೂ ಎಣ್ಣೆ ಹಚ್ಚಿರಲಿಲ್ಲ, ಕೂದಲು ಕೆದರಿ ಬಿಳಿ ಬಿಳಿಯಾಗಿ ಕಾಣುತ್ತಿತ್ತು. ಅದನ್ನು ನೋಡಿ ನನ್ನ ಕೈ ತಾನೇ ಕೆಳಗಿಳಿಯಿತು.

ಭಾನುವಾರ ಮಾರ್ಗದರ್ಶಕರು ಮಫ್ಲರ್ ಸುತ್ತಿಕೊಂಡು ಬಂದರು. ಕಾಫಿಯನ್ನೂ ಕುಡಿಯದೆ ಅಟ್ಟದ ಮನೆಗೆ ನಡೆದರು. ನಾನು ಪೀಠಿಕೆ ಹಾಕಲಿಲ್ಲ. "ಸರ್, ಅದು ಸುಳ್ಳು. ಮಸೂರದ ಮೇಲೆ ಕೊಬ್ಬರಿ ಎಣ್ಣೆ ಬಿದ್ದಿತ್ತು. ಬೆಳಗ್ಗೆ ಹೆಪ್ಪುಗಟ್ಟಿ ಬೆಳಕು ಅರ್ಧ ಆಗ್ತಿತ್ತು," ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಮಫ್ಲರ್ ಬಿಚ್ಚಿ ಕೈಗೆ ಸುತ್ತಿಕೊಂಡರು. ಅಷ್ಟರಲ್ಲಿ ಅತ್ತೆ ಎಳನೀರು ಹಿಡಿದು ಬಾಗಿಲಿಗೆ ಬಂದರು.

"ಎಣ್ಣೆ ಹೇಗೆ ಬಿತ್ತು?" ಎಂದು ಕೇಳಿದರು ಮಾರ್ಗದರ್ಶಕರು.

"ನಾನೇ ಸ್ವಾಮಿ..." ಎಂದು ಅತ್ತೆ ಬಾಯಿ ತೆರೆದರು.

ನಾನು ನಡುವೆ ಬಂದೆ. "ಅವರು ಆಯುಧಪೂಜೆ ಮಾಡಿದ್ರು ಸರ್. ಅದು ತಪ್ಪಲ್ಲ. ಬೆಳಕು ಅಳೆಯೋ ಮೀಟರ್ ನನ್ನ ಕೈಯಳತೆಯಲ್ಲೇ ಇತ್ತು, ಬೇಕು ಅಂತಲೇ ನಾನು ಅಳೀಲಿಲ್ಲ. ಅದು ತಪ್ಪು. ನನ್ನದು."

ಮಾರ್ಗದರ್ಶಕರು ಗೋಡೆಯ ಗ್ರಾಫಿನ ಹತ್ತಿರ ಹೋಗಿ ಶುಕ್ರವಾರದ ಮತ್ತು ಶನಿವಾರದ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿದರು. ಎರಡೂ ಕೆಂಪು ಗೆರೆಯ ಮೇಲೇ ಕೂತಿದ್ದವು. "ತಳ ಮುಟ್ಟಿ ಅಂತ ತಾನೆ ನಾನು ಹೇಳಿದ್ದು? ಮುಟ್ಟಿದೀರಲ್ರೀ," ಎಂದರು. ಮತ್ತೆ ಮಸೂರದ ಕಡೆ ಬಗ್ಗಿ ನೋಡುತ್ತ, "ಹೊರದೇಶದವರು ಬೆಳಕಿನ ಗದ್ದಲವನ್ನೇ ಹಿಂಡಿ ಇನ್ನೂ ಕೆಳಗೆ ಹೋಗ್ತೀವಿ ಅಂತಿದಾರೆ. ಆದರೆ ದಾರಿಯಲ್ಲಿ ಒಂದಿಷ್ಟು ಬೆಳಕು ಕಳೆದುಹೋದರೂ ಹಿಂಡಿದ್ದೆಲ್ಲ ದಂಡ. ಎಷ್ಟು ಕಳೆದರೆ ಎಷ್ಟು ದಂಡ? ಅದನ್ನು ಅಳೆದು ತೋರಿಸಿ. ಇನ್ನೊಂದು ವರ್ಷ ಬೇಕಾಗುತ್ತೆ. ಬೆಳಕು ಕಳೆಯೋದು ಹೇಗೆ ಅಂತ ನಿಮ್ಮ ಮನೆಯಲ್ಲೇ ಗೊತ್ತಿದೆ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆ ಒಂದು ವರ್ಷ ನನ್ನ ಹತ್ತಿರ ಇರಲಿಲ್ಲ. ಅವರನ್ನು ಬಸ್ಸು ಹತ್ತಿಸಿ ಬಂದು ಗಂಡನಿಗೆ ವಿಷಯ ಹೇಳಿದೆ. ಅವರು ಪೆಚ್ಚಾದರು. ಆದರೂ, "ಮಾತು ಕೊಟ್ಟಾಗೈತಲ್ಲ. ಅಟ್ಟ ಇಳಿಸಿದ ಮ್ಯಾಕೆ ಅವನು ಬೀಗ ಹಾಕ್ಕೊತಾನೆ," ಎಂದರು. ಅತ್ತೆ ಒಲೆ ಊದುತ್ತ ಕೂತಿದ್ದರು, ತಿರುಗಿ ನೋಡಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಕಾಯಿ ಇಳಿಸಿದರು. ನಾನು ಯಂತ್ರಕ್ಕೆ ಹಳೆಯ ಸೀರೆ ಹೊದಿಸಿ ಕಾಲೇಜಿಗೆ ಹೋದೆ, ನೋಡುತ್ತ ನಿಲ್ಲಲು ಆಗಲಿಲ್ಲ. ಸಂಜೆ ಬಂದು, ಬಿಚ್ಚಿ ಪೆಟ್ಟಿಗೆಗೆ ತುಂಬೋಣ ಎಂದು ಬಾಗಿಲು ತೆಗೆದೆ. ತಲೆಯ ಮೇಲೆ ಧಡ್ ಧಡ್ ಎಂದು ಸದ್ದು. ಹೊರಗಿನ ಕಿಂಡಿಯಿಂದ ಆಳುಗಳು ಹೊಸ ಕಾಯಿ ಎಸೆಯುತ್ತಿದ್ದರು. ಏಣಿಯ ಬುಡದಲ್ಲಿ ಅತ್ತೆ ಸೆರಗು ಕಟ್ಟಿ ನಿಂತಿದ್ದರು. ಅಟ್ಟ ಆಗಲೇ ಮುಕ್ಕಾಲು ತುಂಬಿತ್ತು. ತೋಟದಲ್ಲಿ ಎಳನೀರಿಗೂ ಒಂದು ಉಳಿಸದಂತೆ ಕೀಳಿಸಿದ್ದರು.

ಗಂಡ ಅಂಗಳದಲ್ಲಿ ನಿಂತು, "ಏನವ್ವಾ ಇದು, ಆ ವ್ಯಾಪಾರಿಗೆ ನಾನೇನು ಹೇಳ್ಲಿ?" ಎನ್ನುತ್ತಿದ್ದರು.

"ಅಟ್ಟ ಖಾಲಿಯಾದ ಮ್ಯಾಕೆ ಅಂದಿದ್ದಲ್ವಾ ನೀನು? ಖಾಲಿ ಎಲ್ಲೈತಪ್ಪ? ಕಾಯಿ ಒಣಗ್ತಾ ಅವೆ, ಮುಟ್ಟಂಗಿಲ್ಲ ಅನ್ನು," ಎಂದರು ಅತ್ತೆ.

ಆಮೇಲೆ ನನ್ನ ಕಡೆ ತಿರುಗಿದರು. ಗುರುವಾರದಿಂದ ಅವರು ನನ್ನ ಮುಖ ನೋಡಿ ಮಾತಾಡಿರಲಿಲ್ಲ. ರಾಶಿಯಿಂದ ಒಂದು ಹಸಿ ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ತುಂಬು ನೀರು.

"ಕೇಳ್ತಾ?" ಎಂದರು. "ಇನ್ನೂ ಒಂದೊರ್ಸ ಐತೆ ಕಣವ್ವ."

ನಾನು ಅವರ ಕೈ ಹಿಡಿದುಕೊಂಡೆ. ಎಣ್ಣೆ ಕಾಣದೆ ಒಡೆದು ಒರಟಾಗಿತ್ತು. ಒಳಗೆ ಹೋಗಿ ಎಣ್ಣೆ ಬಾಟಲಿ ಎಲ್ಲಿದೆ ಎಂದು ಹುಡುಕಿ, ರಾಗಿಯ ಗುಡಾಣದ ಹಿಂದಿನಿಂದ ತೆಗೆದು, ಒಲೆಯ ಪಕ್ಕ ಕರಗಲು ಇಟ್ಟೆ. ಅವರನ್ನು ಕೂರಿಸಿ ತಲೆಗೆ ಹಚ್ಚಿದೆ.